ಗೋಣಿಚೀಲದೊಳಗಿನ ಮರಗೆಲಸದ ಮಷೀನು
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಮಾಡೋದು ಬೇಸಾಯ. ಸಾಲ, ಗೊಬ್ಬರ, ಠೇವಣಿ ವಿಷಯವನ್ನು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ನಾನು ಗೋದಾಮಿನ ಮೂಲೆಯಲ್ಲಿರುವ ಮರಗೆಲಸದ ಮಷೀನಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡುವ ವಿಷಯ ಮುಂದಿನ ಆಡಳಿತ ಮಂಡಳಿ ಸಭೆಗೆ ಬರುತ್ತಿದೆ.

ಸಂಘ ಶುರುವಾದ ಹೊಸದರಲ್ಲಿ ಸೆಕೆಂಡ್ ಹ್ಯಾಂಡಿಗೆ ತಂದ ಮಷೀನು ಅದು. ತರುವಾಗಲೇ ಹಳೇದು. ಒಂದೇ ಮೋಟಾರು, ಒಂದೇ ಶಾಫ್ಟು. ನಡುವೆ ಹಲಗೆ ನಯ ಮಾಡುವ ಬ್ಲಾಕು, ಒಂದು ತುದಿಗೆ ಗರಗಸ, ಇನ್ನೊಂದು ತುದಿಗೆ ತೂತು ಕೊರೆಯುವ ಚಕ್ಕು. ಊರಿನ ಎಷ್ಟೋ ಮನೆಯ ಬಾಗಿಲು, ಕಿಟಕಿ ಅದರ ಮೇಲೇ ಆದವು. ಬೇರಿಂಗು ಹೋಗಿ ನಿಂತ ಮೇಲೆ ಯಾರೋ ಬಿಚ್ಚಿದರು, ಬಿಡಿಭಾಗಗಳು ಗೋಣಿಚೀಲ ಸೇರಿದವು. ಹೆಸರಿನ ತಗಡೂ ಇಲ್ಲ. ಪೇಟೆಯಲ್ಲಿ ಕೇಳಿದರೆ 'ಇದರ ಪಾರ್ಟು ಸಿಗಲ್ಲ ಬಿಡಿ' ಅನ್ನುತ್ತಾರೆ.

ಮಷೀನಿನ ಹೆಸರು ಹೇಳಿ ಕೇಳಿದರೆ ಸಿಗಲ್ಲ, ನಿಜ. ಅಳತೆ ಹೇಳಿ ಕೇಳಿದರೆ ಮುಕ್ಕಾಲು ಪಾಲು ಸಿಗುತ್ತೆ. ಹೋದ ತಿಂಗಳು ನಾನೂ ನಮ್ಮ ಆಚಾರ್ರೂ ಕೂತು ಚೀಲ ಸುರಿದು ಮೂರು ದಿನ ವಿಂಗಡಿಸಿದೆವು.

ಮೊದಲು ಬೇರಿಂಗು. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್‌ನಲ್ಲಿ ತೊಳೆದು ಪಕ್ಕದ ಅಂಚು ನೋಡಬೇಕು. ನಮ್ಮದರಲ್ಲಿ 6206 ಅಂತಿತ್ತು. ಕೊನೆಯ 06 ಅನ್ನು ಐದರಿಂದ ಗುಣಿಸಿದರೆ 30, ಅಂದರೆ ಒಳಗಿನ ತೂತು 30 ಮಿ.ಮೀ. ಹೊರಗಿನ ಅಳತೆ 62, ದಪ್ಪ 16. ಯಾವ ಕಂಪನಿಯದಾದರೂ 6206 ಅಂದರೆ ಇದೇ ಅಳತೆ. ಎರಡೂ ಕಡೆ ರಬ್ಬರು ಮುಚ್ಚಳ ಇರುವುದನ್ನು ಕೇಳಿ ತನ್ನಿ, ಮರದ ಹುಡಿ ಒಳಗೆ ಹೋಗಲ್ಲ.

ಬೆಲ್ಟಿನ ಮೇಲೆ ಅಕ್ಷರ ಅಳಿಸಿದ್ದರೆ ಮೇಲ್ಭಾಗದ ಅಗಲ ಅಳೆಯಿರಿ. 13 ಮಿ.ಮೀ. ಇದ್ದರೆ ಎ, 17 ಇದ್ದರೆ ಬಿ. ಬಿ ರಾಟೆಗೆ ಎ ಬೆಲ್ಟು ಹಾಕಿದರೆ ಅದು ತಳಕ್ಕೆ ಕೂತು ಜಾರುತ್ತೆ.

ನಟ್ಟು ಬೋಲ್ಟಿನ ವಿಷಯ ಸ್ವಲ್ಪ ತಾಪತ್ರಯದ್ದು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಆದರೆ ಹಳೇ ಮಷೀನುಗಳಲ್ಲಿ ಇಂಚಿನ ವಿಟ್‌ವರ್ತ್ ಥ್ರೆಡ್ಡು ಅದಾದ ಮೇಲೂ ಬಹಳ ಕಾಲ ನಡೆಯಿತು. ಅರ್ಧ ಇಂಚಿನ ಬೋಲ್ಟು ಇರುವ ಜಾಗಕ್ಕೆ 12 ಮಿ.ಮೀ. ಬೋಲ್ಟು ಒಳಗೇನೋ ಹೋಗುತ್ತೆ, ಬಿಗಿ ಮಾಡಿದರೆ ಥ್ರೆಡ್ಡು ಕಿತ್ತು ಬರುತ್ತೆ. ಅಡಿಪಟ್ಟಿ ಇಟ್ಟು ಒಂದು ಇಂಚಿನೊಳಗೆ ಎಷ್ಟು ಹಲ್ಲಿದೆ ಎಣಿಸಿ. ಸರಿಯಾಗಿ 12 ಇದ್ದರೆ ಅರ್ಧ ಇಂಚಿನ ವಿಟ್‌ವರ್ತ್. ಹದಿನಾಲ್ಕೂವರೆ ಹತ್ತಿರ ಬಂದರೆ ಮೆಟ್ರಿಕ್. ಗರಗಸದ ನಟ್ಟು ಬರಲಿಲ್ಲವೆಂದು ಸುತ್ತಿಗೆ ಎತ್ತಬೇಡಿ. ಅದು ಎಡಗೈ ಥ್ರೆಡ್ಡು ಇರಬಹುದು. ಗರಗಸ ತಿರುಗುವ ದಿಕ್ಕಿಗೇ ನಟ್ಟನ್ನೂ ತಿರುಗಿಸಿ, ಬಿಚ್ಚುತ್ತೆ.

ಈಗ ಕೈ ಬೆರಳಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಅಂದಾಜು ನಡೆಯಲ್ಲ.

ಚೀಲದಲ್ಲಿ ಎರಡು ರಾಟೆ ಸಿಕ್ಕವು, ಒಂದು 8 ಇಂಚು, ಇನ್ನೊಂದು 10. ಮೋಟಾರು ನಿಮಿಷಕ್ಕೆ 1440 ಸುತ್ತು, ಶಾಫ್ಟಿನ ರಾಟೆ 3 ಇಂಚು. ಮೋಟಾರಿಗೆ 8 ಇಂಚಿನದು ಹಾಕಿದರೆ ಶಾಫ್ಟು 3840 ಸುತ್ತುತ್ತೆ, 10 ಇಂಚಿನದು ಹಾಕಿದರೆ 4800. ಗರಗಸದ ಮೇಲೆ ಹೆಚ್ಚೆಂದರೆ ಎಷ್ಟು ಸುತ್ತು ಅಂತ ಬರೆದಿರುತ್ತೆ, ಅದನ್ನು ದಾಟಬಾರದು. ಆ 10 ಇಂಚಿನದು ಹಿಟ್ಟಿನ ಗಿರಣಿಯದು ಅಂತ ಆಚಾರ್ರು ಗುರುತು ಹಿಡಿದರು, ಬೇರೆ ಇಟ್ಟಿದ್ದೇವೆ. ನಮ್ಮ ಶಾಫ್ಟಿನ ತುದಿ ಒಂದು ಇಂಚು, ಅಂದರೆ 25.4 ಮಿ.ಮೀ. ಅಂಗಡಿಯವರು 30 ಮಿ.ಮೀ. ತೂತಿನ ಗರಗಸ ಕೊಟ್ಟರೆ ತಗಡು ಸುತ್ತಿ ಕೂರಿಸಬೇಡಿ. ಅದಕ್ಕೆಂದೇ ಬಳೆ ಸಿಗುತ್ತೆ, ಇಲ್ಲವೇ ಲೇತ್ ಅಂಗಡಿಯಲ್ಲಿ ಮಾಡಿಸಿ.

ಬ್ಲಾಕಿನ ಅಲಗುಗಳು ನಾಲ್ಕು ಸಿಕ್ಕವು. ನೋಡಲು ನಾಲ್ಕೂ ಒಂದೇ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದ ಮೇಲೆಯೇ ಯಾವುದಕ್ಕೆ ಯಾವುದು ಜೋಡಿ ಅಂತ ತಿಳಿದದ್ದು. ತೂಕ ಹೆಚ್ಚುಕಮ್ಮಿ ಇದ್ದರೆ ಆ ವೇಗದಲ್ಲಿ ಮಷೀನು ನಡುಗಿ ಬೇರಿಂಗು ತಿನ್ನುತ್ತೆ, ಅಲಗು ಸಡಿಲವಾದರೆ ಕೇಳೋದೇ ಬೇಡ. ನಮ್ಮದು ದುಂಡು ಬ್ಲಾಕು, ಪುಣ್ಯ. ಹಳೇ ಚೌಕ ಬ್ಲಾಕಿನಲ್ಲಿ ಬೆರಳು ಒಳಗೆ ಎಳೆಯುವಷ್ಟು ಸಂದು ಇರುತ್ತೆ. ಬ್ರಿಟನ್ನಿನಲ್ಲಿ ಕೈಯಿಂದ ಹಲಗೆ ತಳ್ಳುವ ಮಷೀನಿಗೆ ದುಂಡು ಬ್ಲಾಕೇ ಇರಬೇಕೆಂದು 1922ರಲ್ಲೇ ನಿಯಮ ಮಾಡಿದರು. ಯಾರಾದರೂ ಅಗ್ಗಕ್ಕೆ ಚೌಕ ಬ್ಲಾಕು ಕೊಡಿಸುತ್ತೇವೆ ಅಂದರೆ ಬೇಡ ಅನ್ನಿ.

ಇನ್ನೊಂದು, ಬಾಗಿದ ಕಬ್ಬಿಣದ ಪಟ್ಟಿ. ಕುಡುಗೋಲು ಮಾಡಿಸಲು ಆಗುತ್ತೆ ಅಂತ ಒಬ್ಬರು ಕೇಳಿಯೂ ಇದ್ದರು! ಅದು ಗರಗಸದ ಹಿಂದೆ ನಿಲ್ಲುವ ಪಟ್ಟಿ. ಸೀಳಿದ ಹಲಗೆ ಮತ್ತೆ ಕೂಡಿಕೊಂಡು ಗರಗಸವನ್ನು ಹಿಡಿಯದಂತೆ ತಡೆಯುತ್ತೆ. ಅದಿಲ್ಲದಿದ್ದರೆ ಹಲಗೆ ಎದುರಿಗೆ ನಿಂತವರ ಎದೆಗೆ ಹಾರಿ ಬರಬಹುದು. ಪಟ್ಟಿಯ ದಪ್ಪ ಗರಗಸದ ತಗಡಿಗಿಂತ ಹೆಚ್ಚು, ಹಲ್ಲು ಕೊಯ್ಯುವ ಅಗಲಕ್ಕಿಂತ ಕಡಿಮೆ ಇರಬೇಕು. ಹೊಸ ಗರಗಸ ತರುವಾಗ ಈ ಪಟ್ಟಿಯನ್ನೂ ಅಂಗಡಿಗೆ ಒಯ್ಯಿರಿ.

ಗುಜರಿಯವನು ಕೊಡುವ ದುಡ್ಡು ಎಷ್ಟು ದಿನ ಬಂದೀತು? ನಮ್ಮಲ್ಲಿ ಮರಗೆಲಸದ ಮನೆಗಳು ಇನ್ನೂ ಇವೆ. ಒಂದು ಚೌಕಟ್ಟಿಗೆ ಹಲಗೆ ನಯ ಮಾಡಿಸಲು ಅವರು ಪೇಟೆಗೆ ಗಾಡಿ ಬಾಡಿಗೆ ಕೊಟ್ಟು ಹೋಗಿ ದಿನಗಟ್ಟಲೆ ಸರದಿ ಕಾಯುತ್ತಾರೆ. ಬೇರಿಂಗು, ಬೆಲ್ಟು, ಎರಡು ಬೋಲ್ಟು ಆದರೆ ಮಷೀನು ತಿರುಗುತ್ತೆ ಅಂತ ಆಚಾರ್ರು ಹೇಳುತ್ತಾರೆ. ಆದರೆ ಬ್ಲಾಕಿನ ಮೇಲೆ ಮುಚ್ಚುವ ಕಾಪು ತಗಡು ಮತ್ತು ಹಲಗೆ ಆತು ಹೋಗುವ ಉದ್ದನೆಯ ಪಟ್ಟಿ ಚೀಲದಲ್ಲಿ ಇಲ್ಲ. ಪಟ್ಟಿ ಬೀಡುಕಬ್ಬಿಣದ್ದು, ಕೆಳಗೆ ಎರಡು ಉದ್ದ ಸೀಳು ಇರುತ್ತೆ. ಯಾರದಾದರೂ ಅಟ್ಟದಲ್ಲೋ, ಕೊಟ್ಟಿಗೆಯಲ್ಲಿ ಗೊಂತಿಗೆ ಆಸರೆಯಾಗಿಯೋ ಇದ್ದರೆ ದಯವಿಟ್ಟು ಕಚೇರಿಗೆ ತಂದುಕೊಡಿ. ಎಲ್ಲಿತ್ತು, ಹೇಗೆ ಬಂತು ಅಂತ ಯಾರೂ ಕೇಳಲ್ಲ. ಮಂಡಳಿ ಸಭೆಗೆ ಮೊದಲು ಬಂದರೆ ಒಳ್ಳೆಯದು.