ಮದುವೆಯ ಫೋಟೋಗ್ರಾಫರನ ಕಸಬು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ, ಗಿರಣಿಯಲ್ಲಿ ದುಡಿಯುವ ನಮಗೆ ಮದುವೆಯ ರಜೆ ಸಿಕ್ಕುವುದು ನಾಲ್ಕಾರು ದಿನ. ಮತ್ತೆ ರೈಲು ಹತ್ತಿ ಬಂದ ಮೇಲೆ ಟ್ರಂಕಿನಲ್ಲಿ ಉಳಿಯುವುದು ಒಂದು ಫೋಟೋ. ಅದನ್ನು ತೆಗೆದವನು ಯಾರು, ಅವನ ಕಷ್ಟವೇನು ಎಂದು ನಾವು ಕೇಳುವುದಿಲ್ಲ. ಆದ್ದರಿಂದ ಇಂದು ಆ ಕಸಬಿನ ವಿಚಾರ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಉದಾಹರಣೆಗೆ ಕೇರಳದ ಕೊಚ್ಚಿ, ತಿರುವನಂತಪುರಗಳನ್ನು ತೆಗೆದುಕೊಳ್ಳೋಣ.

ತಿರುವನಂತಪುರದಲ್ಲಿ ಈ ವಿದ್ಯೆ ಹಳೆಯದು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಜಕರಾಯ ಡಿಕ್ರೂಜ್ ಎಂಬವರು ತಿರುವಾಂಕೂರು ಸಂಸ್ಥಾನದ ಚಿತ್ರಗಳನ್ನು ತೆಗೆದರು. 1959ರಲ್ಲಿ ಶಿವನ್ ಅವರು ಅದೇ ನಗರದಲ್ಲಿ ಸ್ಟುಡಿಯೋ ತೆರೆದರು. 1965ರ 'ಚೆಮ್ಮೀನ್' ಚಿತ್ರದ ಸ್ಥಿರಚಿತ್ರಗಳು ಅವರವೇ. 2021ರಲ್ಲಿ ಅವರು ತೀರಿಕೊಂಡರು. ಇಂಥವರ ಹೆಸರು ಉಳಿಯಿತು. ಆದರೆ ಮದುವೆ ಮಂಟಪದ ಮೂಲೆಯಲ್ಲಿ ನಿಂತು ಬೆವರಿದ ನೂರಾರು ಮಂದಿಯ ಹೆಸರು ಆಲ್ಬಮಿನ ಹಿಂದಿನ ರಬ್ಬರ್ ಮುದ್ರೆಯಲ್ಲಷ್ಟೇ ಉಳಿದಿದೆ.

ಅಲ್ಲಿಯ ಹಿಂದೂ ಮದುವೆ ನಮ್ಮದರಂತೆ ಉದ್ದವಲ್ಲ. ತಾಳಿ, ಹಾರ, ಪುಡವೆ ಎಲ್ಲವೂ ಹಲವು ಕಡೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ನಾದಸ್ವರದ ಗಟ್ಟಿಮೇಳ ಏರುವಾಗ ಚಿತ್ರ ಸಿಕ್ಕಬೇಕು. ತಪ್ಪಿದರೆ ಇನ್ನೊಮ್ಮೆ ತಾಳಿ ಕಟ್ಟಿರೆಂದು ಯಾರಿಗೆ ಹೇಳುವುದು? ಕೊಚ್ಚಿಯಲ್ಲಂತೂ ಒಂದೇ ವಾರದಲ್ಲಿ ಮಟ್ಟಾಂಚೇರಿಯ ಕೊಂಕಣಿ ಮದುವೆ, ಮುಸಲ್ಮಾನರ ನಿಕಾಹ್, ಸಿರಿಯನ್ ಕ್ರೈಸ್ತರ ಇಗರ್ಜಿಯ ಮದುವೆ ಎಲ್ಲವೂ ಬರಬಹುದು. ಮಂತ್ರಕೋಡಿಯ ಏಳೆಳೆ ದಾರದಲ್ಲಿ ಮಿನ್ನು ಕಟ್ಟುವ ಕ್ಷಣ ಯಾವುದು, ಪಾದ್ರಿಗೆ ಅಡ್ಡಬರದೆ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿರಬೇಕು.

ಇನ್ನು ಬೆಳಕಿನ ಮಾತು. ಕೇರಳದ ವಧುವಿನ ಉಡುಪು ಬಹಳ ಕಡೆ ಬಿಳಿ, ಅಂಚು ಚಿನ್ನದ ಜರಿ. ಕ್ಯಾಮೆರಾದ ಅಳತೆ ಬಿಳಿಯನ್ನು ಬೂದಿಬಣ್ಣವೆಂದೇ ಎಣಿಸಿ ಚಿತ್ರವನ್ನು ಮಬ್ಬು ಮಾಡುತ್ತದೆ, ಮುಖ ಕಪ್ಪಾಗುತ್ತದೆ. ಬೆಳಕು ಹೆಚ್ಚಿಸಿದರೆ ಸೀರೆಯ ನೆರಿಗೆಯೇ ಅಳಿಸಿಹೋಗುತ್ತದೆ. ಇವೆರಡರ ನಡುವೆ ಹದ ಹಿಡಿಯುವುದು ನಮ್ಮ ಅಡಿಗೆಯವರು ಸಾರಿಗೆ ಉಪ್ಪು ಹಾಕುವ ಹಾಗೆ, ಕೈಗೆ ಬಂದ ವಿದ್ಯೆ. ಹಿಂದೆ ದೊಡ್ಡ ಚೌಕದ ರೋಲಿನಲ್ಲಿ ಹನ್ನೆರಡೇ ಚಿತ್ರ. ಪ್ರತಿಯೊಂದು ಫ್ಲ್ಯಾಶ್ ಬಲ್ಬೂ ಒಮ್ಮೆ ಉರಿದರೆ ಮುಗಿಯಿತು. ಕತ್ತಲೆ ಕೋಣೆಯಲ್ಲಿ ತೊಳೆದು ನೋಡುವವರೆಗೂ ಎದೆ ಡವಡವ. ಈಗಿನ ಡಿಜಿಟಲ್ ಕ್ಯಾಮೆರಾ ಸಾವಿರಾರು ಚಿತ್ರ ಹಿಡಿಯುತ್ತದೆ. ಆದರೆ ಅವನ್ನು ಆರಿಸಿ, ತಿದ್ದಿ, ಆಲ್ಬಮ್ ಜೋಡಿಸುವ ರಾತ್ರಿಗಳ ದುಡಿಮೆಯೂ ಹೆಚ್ಚಿದೆ.

ನಮ್ಮ ಆಷಾಢದ ಹಾಗೆ ಅಲ್ಲಿ ಕರ್ಕಾಟಕ ಮಾಸ. ಹಿಂದೂ ಮದುವೆಗಳಿಲ್ಲ, ಹೊರಗೆ ಮಳೆ. ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಹಾಗೆಂದು ಡಬ್ಬದಲ್ಲಿ ಸಿಲಿಕಾ ಹರಳು ಇಟ್ಟು ಕಾಯಬೇಕು. ಚಿಙ್ಙಂ ಬಂದರೆ ಮತ್ತೆ ಓಡಾಟ. 2020ರ ಕೋವಿಡ್ ಬೀಗಮುದ್ರೆಯಲ್ಲಿ ಮದುವೆಗಳೇ ಕುಗ್ಗಿದಾಗ ಈ ಕಸಬಿನವರ ಕರ್ಕಾಟಕ ತಿಂಗಳುಗಟ್ಟಲೆ ಬೆಳೆಯಿತು. ಹೀಗೆ ದಿನಗೂಲಿಯವರ ಸ್ಥಿತಿಗೂ ಇವರ ಸ್ಥಿತಿಗೂ ದೂರವೇನಿಲ್ಲ.

ಮತ್ತೊಂದು ಸಂಗತಿ ನಾವೆಲ್ಲ ತಿಳಿದಿರತಕ್ಕದ್ದು. 1957ರ ಕಾಪಿರೈಟ್ ಕಾಯಿದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವನದೇ, ತೆಗೆದವನದಲ್ಲ. ಕೈ ಅವನದು, ಕಣ್ಣು ಅವನದು. ಚಿತ್ರದ ಹಕ್ಕು ಇನ್ನೊಬ್ಬನದು. ಗಿರಣಿಯಲ್ಲಿ ಬಟ್ಟೆ ನೇಯುವ ನಮಗೆ ಇದು ಹೊಸ ಕಥೆಯಲ್ಲ. ಆದರೆ ಮದುವೆಯ ಮನೆಯವರಿಗೂ ತಮ್ಮ ಹೆಣ್ಣುಮಕ್ಕಳ ಚಿತ್ರ ಊರ ಬೀದಿಯ ಜಾಹೀರಾತಾಗಬಾರದೆಂಬ ನ್ಯಾಯವಾದ ಅಂಜಿಕೆಯಿದೆ. ಎರಡಕ್ಕೂ ಮದ್ದು ಒಂದೇ: ಮೊದಲೇ ಕಾಗದದಲ್ಲಿ ಬರೆದುಕೊಳ್ಳುವುದು. ಎಷ್ಟು ಹಣ, ಮುಂಗಡವೆಷ್ಟು, ಎಷ್ಟು ಚಿತ್ರ, ಯಾವ ದಿನ ಕೊಡುವುದು, ಯಾರ ಅಪ್ಪಣೆಯಿಂದ ಹೊರಗೆ ತೋರಿಸುವುದು ಎಂಬುದಷ್ಟೇ ಸಾಕು.

ಬಂಧುಗಳೇ, ನಮ್ಮ ಮಕ್ಕಳಲ್ಲಿ ಕೆಲವರು ಈ ಕಸಬಿಗೆ ಇಳಿದಾರು. ಅವರಿಗೆ ಕ್ಯಾಮೆರಾದ ಜೊತೆಗೆ ಒಪ್ಪಂದ ಬರೆಯುವುದನ್ನೂ ಕಲಿಸೋಣ. ನಮ್ಮ ಮನೆಯ ಮದುವೆಯಲ್ಲಿ ಫೋಟೋದವನಿಗೆ ಬಾಕಿ ನಿಲ್ಲಿಸದಿರೋಣ. ಕೊನೆಯ ಪಂಕ್ತಿಯವರೆಗೆ ಅವನನ್ನು ಹಸಿದು ಕಾಯಿಸದಿರೋಣ. ಬಡಿಸುವವನ ಹಸಿವು ಬಲ್ಲವರು ನಾವಲ್ಲದೆ ಇನ್ನಾರು?