ಕಾಲೇಜು ಮಕ್ಕಳೂ ಸೇವೆಯ ಕೆಲಸವೂ

(ಸಂಘದ ವತಿಯಿಂದ ನಡೆದ ಪುಸ್ತಕ ಸಹಾಯಧನ ವಿತರಣೆಯ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಇಂದು ಪುಸ್ತಕದ ಹಣ ಹಂಚಿದ್ದಾಯಿತು. ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಏಳನೆಯ ಇಯತ್ತೆ ದಾಟಿದವನಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದ್ದುಂಟು, ಆದರೆ ಕೈಯಲ್ಲಿದ್ದದ್ದು ಪುಸ್ತಕವಲ್ಲ, ಕ್ಯಾಂಟೀನಿಗೆ ಹೊತ್ತ ಇಡ್ಲಿಯ ಡಬ್ಬ. ಆದುದರಿಂದ ಪಾಠದ ವಿಷಯ ನಾನು ಹೇಳಲಾರೆ. ಪಾಠದ ಹೊರಗೆ ಕಾಲೇಜಿನಲ್ಲಿ ನಡೆಯುವ ಸೇವೆಯ ಕೆಲಸದ ವಿಷಯ ಹೇಳುತ್ತೇನೆ. ಅದರ ಕುರಿತು ನಮ್ಮ ಮನೆಗಳಲ್ಲಿ ಮಾತಿಗೆ ಮಾತು ಬೆಳೆಯುತ್ತಿರುವುದನ್ನು ನಾನು ಕೇಳಿದ್ದೇನೆ.

ಮಾತು ಹೇಗೆ ಬೆಳೆಯುತ್ತದೆಂದರೆ, ಭಾನುವಾರ ಬೆಳಿಗ್ಗೆ ಮಗಳು ಬೇಗನೆ ಎದ್ದು ಎನ್.ಎಸ್.ಎಸ್. ಕೆಲಸವಿದೆ ಎಂದು ಹೊರಡುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಕೇಳುತ್ತಾನೆ, "ಸಂಬಳವೆಷ್ಟು?" ಸಂಬಳವಿಲ್ಲ. "ಹಾಗಾದರೆ ಊಟ, ಬಸ್ಸಿನ ಖರ್ಚು?" ಅದೂ ಅಷ್ಟಕ್ಕಷ್ಟೆ. "ನಮ್ಮ ಮೂರು ತಲೆಮಾರು ಬಿಟ್ಟಿ ದುಡಿದದ್ದು ಸಾಲದೆ? ಕಾಲೇಜು ಕಲಿತ ನೀನೂ ಬಿಟ್ಟಿ ದುಡಿಯಬೇಕೆ?"

ಈ ತಂದೆಯ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಹೋಟೆಲಿನಲ್ಲಿ ಹೆಚ್ಚಿನ ಗಂಟೆ ದುಡಿದು ಅದರ ಕೂಲಿ ಕೇಳಿದಾಗ, "ಇದು ನಿನ್ನ ಮನೆ ಇದ್ದಂತೆ, ಸೇವೆಯೆಂದು ತಿಳಿದುಕೋ" ಎಂಬ ಉತ್ತರ ನಾನೂ ಕೇಳಿದವನು. ಸೇವೆ ಎಂಬ ದೊಡ್ಡ ಮಾತಿನ ಮರೆಯಲ್ಲಿ ಬಡವನ ಕೂಲಿ ನುಂಗುವುದು ನಮಗೆ ಹೊಸತಲ್ಲ. ಹಾಗಾಗಿ ನಮ್ಮಂಥವರ ಮಕ್ಕಳು ಸೇವೆಗೆ ಹೊರಟಾಗ, ಇದು ನಿಜವಾದ ಸೇವೆಯೋ ಬಿಟ್ಟಿ ಚಾಕರಿಯೋ ಎಂದು ಕೇಳುವ ಹಕ್ಕು ನಮಗಿದೆ. ಕೇಳಿ, ತೂಗಿ ನೋಡಿ, ಆಮೇಲೆ ಮಕ್ಕಳನ್ನು ಸಂತೋಷದಿಂದ ಕಳುಹಿಸಿಕೊಡಿರಿ ಎಂಬುದೇ ನನ್ನ ಇಂದಿನ ಮಾತು.

ಮೊದಲು ಈ ಎನ್.ಎಸ್.ಎಸ್. ಎಂದರೇನೆಂದು ತಿಳಿಯೋಣ. ರಾಷ್ಟ್ರೀಯ ಸೇವಾ ಯೋಜನೆ ಎಂದು ಅದರ ಹೆಸರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು ಇದನ್ನು ಪ್ರಾರಂಭಿಸಿದರು. ಅಂದು 37 ವಿಶ್ವವಿದ್ಯಾನಿಲಯಗಳು, 40,000 ವಿದ್ಯಾರ್ಥಿಗಳು ಇದ್ದರು. ಇಂದು ದೇಶದ ಮೂಲೆ ಮೂಲೆಗಳ ಕಾಲೇಜುಗಳಲ್ಲಿ ಅದು ಇದೆ. ‘ನಾನಲ್ಲ, ನೀನು’ ಎಂಬುದು ಅದರ ಧ್ಯೇಯವಾಕ್ಯ. ಮಕ್ಕಳು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಯಲ್ಲಿ ಕೋಣಾರ್ಕದ ರಥದ ಚಕ್ರವಿದೆ, ಅದಕ್ಕೆ ಎಂಟು ಅರೆಗಳು. ಹಗಲು ರಾತ್ರಿ ಸೇರಿ ಎಂಟು ಜಾವ, ಯಾವ ಜಾವದಲ್ಲಿ ಕರೆದರೂ ಸಿದ್ಧನಿರಬೇಕೆಂಬ ಅರ್ಥ.

ನಿಯಮ ಹೀಗಿದೆ. ಎರಡು ವರ್ಷ ಸೇರಿ 240 ಗಂಟೆಗಳ ಕೆಲಸ, ವರ್ಷಕ್ಕೆ 120 ಗಂಟೆ. ಅದರಲ್ಲಿ ಸುಮಾರು 20 ಗಂಟೆ ತರಬೇತಿ, 30 ಗಂಟೆ ಕಾಲೇಜಿನ ಆವರಣದಲ್ಲಿ, ಉಳಿದ 70 ಗಂಟೆ ಜನರ ನಡುವೆ. ಇದಲ್ಲದೆ ಏಳು ದಿನಗಳ ಒಂದು ವಿಶೇಷ ಶಿಬಿರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 120 ಗಂಟೆಯನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಇದರಿಂದ ಓದು ಹಾಳಾಯಿತೆಂದು ಹೇಳುವುದು ಸರಿಯಲ್ಲ. ಬೆರಳಿನಿಂದ ಮೊಬೈಲು ತಿಕ್ಕುತ್ತ ಕಳೆಯುವ ಗಂಟೆಗಳನ್ನು ಯಾರೂ ಲೆಕ್ಕ ಹಾಕುತ್ತಿಲ್ಲ.

ಇನ್ನು ಬಿಟ್ಟಿ ಚಾಕರಿಗೂ ಸೇವೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಹೇಗೆ? ನನ್ನ ಸಣ್ಣ ಬುದ್ಧಿಗೆ ಮೂರು ಪ್ರಶ್ನೆಗಳು ತೋರುತ್ತವೆ.

ಒಂದನೆಯದು, ಈ ಕೆಲಸದಿಂದ ಲಾಭ ಯಾರಿಗೆ? ಅದು ನಿರ್ಗತಿಕನಿಗೆ, ರೋಗಿಗೆ, ಅಕ್ಷರ ಬಾರದವನಿಗೆ ಹೋಗುವುದಾದರೆ ಸೇವೆ. ಯಾರದೋ ಗಲ್ಲಾಪೆಟ್ಟಿಗೆಗೆ ಹೋಗುವುದಾದರೆ ಅದಕ್ಕೆ ಕೂಲಿ ಕೇಳತಕ್ಕದ್ದು. ಎರಡನೆಯದು, ಬರುವುದಿಲ್ಲವೆಂದು ಹೇಳುವ ಸ್ವಾತಂತ್ರ್ಯ ಹುಡುಗನಿಗೆ ಇದೆಯೇ? ಹೆದರಿಸಿ ಮಾಡಿಸಿದ ಕೆಲಸಕ್ಕೆ ಸೇವೆಯೆಂದು ಹೆಸರಿಡಲಾಗದು. ಮೂರನೆಯದು, ಈ ಕೆಲಸದಿಂದ ಒಬ್ಬ ಕೂಲಿಕಾರನ ಅನ್ನ ಹೋಗುತ್ತದೆಯೇ? ಸಂಬಳ ಕೊಟ್ಟು ಜನ ಇಡಬೇಕಾದ ಜಾಗದಲ್ಲಿ ವಿದ್ಯಾರ್ಥಿಗಳನ್ನು ನಿಲ್ಲಿಸಿದರೆ ಅದು ಕಾರ್ಮಿಕನಿಗೆ ಮಾಡಿದ ದ್ರೋಹ. ದೊಡ್ಡವರು ಬರುವ ದಿನ ಐವತ್ತು ಮಕ್ಕಳ ಕೈಗೆ ಹೊಸ ಪೊರಕೆ ಕೊಟ್ಟು ಫೋಟೋ ತೆಗೆಸಿ, ಮರುದಿನದಿಂದ ಅದೇ ರಸ್ತೆಯನ್ನು ಗುಡಿಸುವ ಸಫಾಯಿ ಕಾರ್ಮಿಕನ ಗುತ್ತಿಗೆ ಕೂಲಿಯನ್ನು ಯಾರೂ ವಿಚಾರಿಸದಿದ್ದರೆ ಅದರಿಂದ ಏನು ಸಾಧಿಸಿದಂತಾಯಿತು?

ಈ ಮೂರು ಪ್ರಶ್ನೆಗಳಲ್ಲಿ ತೇರ್ಗಡೆಯಾದ ಕೆಲಸಕ್ಕೆ ನಮ್ಮ ಮಕ್ಕಳು ಹೋಗಬೇಕು. ಅದರಿಂದ ಅವರಿಗೆ ಸಿಗುವುದು ಸರ್ಟಿಫಿಕೇಟು ಮಾತ್ರವಲ್ಲ. ಸರ್ಟಿಫಿಕೇಟು ಸಿಗುತ್ತದೆ, ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಒಂದಿಷ್ಟು ಹೆಚ್ಚಿನ ಅಂಕವೂ ಸಿಗುತ್ತದೆ, ಅದನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಅಂಕಕ್ಕಾಗಿಯೇ ಹೋಗಿ ಹಾಜರಿ ಹಾಕಿ ಹಿಂತಿರುಗುವವನಿಗೆ ಅಂಕವಷ್ಟೇ ಗತಿ. ನಿಜವಾಗಿ ಕೆಲಸ ಮಾಡಿದವನು ಮನುಷ್ಯನಾಗಿ ಬೆಳೆಯುತ್ತಾನೆ.

ಹೇಗೆ ಬೆಳೆಯುತ್ತಾನೆಂದು ಹೋಟೆಲಿನವರಾದ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೊಸದಾಗಿ ಬಂದ ಹುಡುಗನು ಮೊದಲ ದಿನ ಗಿರಾಕಿಯ ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತಾನೆ. ಆರು ತಿಂಗಳಲ್ಲಿ ಅವನು ಮುಖ ನೋಡಲು ಕಲಿಯುತ್ತಾನೆ. ಯಾರಿಗೆ ಅವಸರ, ಯಾರ ಜೇಬಿನಲ್ಲಿ ಹಣ ಕಡಿಮೆ, ಯಾರಿಗೆ ಮೊದಲು ನೀರು ಬೇಕು, ಎಲ್ಲವೂ ತಿಳಿಯುತ್ತದೆ. ಸೇವೆಗೆ ಹೋದ ವಿದ್ಯಾರ್ಥಿಯೂ ಮೊದಲು ತನ್ನ ಕೆಲಸವನ್ನೇ ನೋಡುತ್ತಾನೆ, ಕ್ರಮೇಣ ಎದುರಿನವನ ಮುಖವನ್ನು ನೋಡುತ್ತಾನೆ. ಪರೀಕ್ಷೆಯಲ್ಲಿ ಇದಕ್ಕೆ ಪತ್ರಿಕೆ ಇಲ್ಲ. ಹೊತ್ತಿಗೆ ಸರಿಯಾಗಿ ಹಾಜರಾಗುವುದು, ಹತ್ತು ರೂಪಾಯಿ ಚಂದಾ ಬಂದರೂ ಲೆಕ್ಕ ಬರೆಯುವುದು, ಆಫೀಸಿನಲ್ಲಿ "ನಾಳೆ ಬಾ" ಎಂದರೆ ಸಿಟ್ಟಾಗದೆ ನಾಳೆ ಹೋಗುವುದು, ನಾಲ್ಕು ಜನರ ಮುಂದೆ ನಿಂತು ಬಾಯಿ ಬಿಟ್ಟು ಮಾತನಾಡುವುದು, ಇವೆಲ್ಲ ಮಾಡಿಯೇ ಕಲಿಯಬೇಕಾದವು.

ಕಲಿಸುವವನು ಯಾರು, ಕಲಿಯುವವನು ಯಾರು ಎಂಬುದೂ ಅಲ್ಲಿ ಅದಲುಬದಲಾಗುತ್ತದೆ. ಬಾಬಾ ಆಮ್ಟೆಯವರ ಹೆಸರು ಮಹಾರಾಷ್ಟ್ರದಲ್ಲಿ ಕೇಳದವರಿಲ್ಲ. ವರೋರಾದ ಬಳಿ ಕುಷ್ಠರೋಗಿಗಳಿಗಾಗಿ ಆನಂದವನ ಕಟ್ಟಿದವರು ಅವರು, 2008ರಲ್ಲಿ ತೀರಿಕೊಂಡರು. ಚಂದ್ರಪುರ ಜಿಲ್ಲೆಯ ಸೋಮನಾಥದಲ್ಲಿ ಅವರು 1960ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಗಳಿಗಾಗಿ ಬೇಸಿಗೆಯ ಶ್ರಮಶಿಬಿರ ಪ್ರಾರಂಭಿಸಿದರು. ಕುಷ್ಠರೋಗದಿಂದ ಗುಣವಾದವರು ಉತ್ತು ಬಿತ್ತಿದ ಭೂಮಿ ಅದು. ಬೆರಳು ಕಳೆದುಕೊಂಡ ಕೈಗಳು ಹಸನು ಮಾಡಿದ ನೆಲದಲ್ಲಿ, ಹತ್ತು ಬೆರಳೂ ನೆಟ್ಟಗಿರುವ ಕಾಲೇಜು ಹುಡುಗನು ವಿದರ್ಭದ ಬಿಸಿಲಿಗೆ ಗುದ್ದಲಿ ಹಿಡಿದು ನಿಂತಾಗ ಅವನ ಮನಸ್ಸಿನಲ್ಲಿ ಏನಾದೀತು? "ನಾನು ಇವರಿಗೆ ಉಪಕಾರ ಮಾಡಲು ಬಂದವನು" ಎಂಬ ಜಂಬ ಅರ್ಧ ದಿನದಲ್ಲಿ ಇಳಿದುಹೋಗುತ್ತದೆ. ಅದು ಇಳಿದ ಮೇಲೆಯೇ ಕಲಿಕೆ ಶುರುವಾಗುವುದು.

ಅಷ್ಟು ದೂರ ಹೋಗಲಾಗದವರಿಗೆ ನಮ್ಮ ಪರೇಲೇ ಇದೆ. 1926ರಿಂದ ಕೆ.ಇ.ಎಂ. ಆಸ್ಪತ್ರೆ, 1941ರಿಂದ ಟಾಟಾ ಕ್ಯಾನ್ಸರ್ ಆಸ್ಪತ್ರೆ ಅಲ್ಲಿವೆ. ದೇಶದ ನಾನಾ ಕಡೆಯ ಬಡವರು ಅಲ್ಲಿಗೆ ಬರುತ್ತಾರೆ. ಇಳಿದುಕೊಳ್ಳಲು ಜಾಗವಿಲ್ಲದೆ ರೋಗಿಯನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಫುಟ್‌ಪಾತಿನ ಮೇಲೆ ದಿನ ನೂಕುವ ಕುಟುಂಬಗಳನ್ನು ನೀವೂ ಕಂಡಿದ್ದೀರಿ. ಕಲಬುರಗಿ, ವಿಜಯಪುರ, ಬೀದರದ ಕಡೆಯವರೂ ಅವರಲ್ಲಿರುತ್ತಾರೆ. ಅವರಿಗೆ ಮರಾಠಿ ಅರೆಬರೆ, ಇಂಗ್ಲಿಷ್ ಇಲ್ಲವೇ ಇಲ್ಲ. ಡಾಕ್ಟರು ಹೇಳಿದ್ದು ತಿಳಿಯುವುದಿಲ್ಲ. ಯಾವ ಕಿಟಕಿಯಲ್ಲಿ ಯಾವ ಕಾಗದ ಕೊಡಬೇಕು, ಊಟಕ್ಕೆ ಮುಂಚೆ ನುಂಗುವ ಗುಳಿಗೆ ಯಾವುದು, ಮತ್ತೆ ಬರಬೇಕಾದ ದಿನ ಯಾವುದು, ಒಂದೂ ತಿಳಿಯದೆ ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದು ಅಳುತ್ತಾರೆ.

ಇಲ್ಲಿ ನಮ್ಮ ಮಕ್ಕಳಿಗಿಂತ ಯೋಗ್ಯರು ಯಾರಿದ್ದಾರೆ? ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಗೆಳೆಯರ ಎದುರಿನಲ್ಲಿ ತಾಯಿಯೊಡನೆ ಕನ್ನಡ ಮಾತನಾಡಲು ನಾಚುವ ಹುಡುಗರು ನಮ್ಮಲ್ಲಿದ್ದಾರೆ. ಆ ಹುಡುಗನು ಒಂದು ಶನಿವಾರ ಆಸ್ಪತ್ರೆಯ ಸಮಾಜಸೇವಾ ವಿಭಾಗದ ಒಪ್ಪಿಗೆ ಪಡೆದು, ಒಬ್ಬ ಮುದುಕಿಗೂ ಡಾಕ್ಟರಿಗೂ ನಡುವೆ ನಿಂತು ಮಾತು ದಾಟಿಸಲಿ. ತಾನು ನಾಚಿದ ಭಾಷೆಯೇ ಒಂದು ಜೀವಕ್ಕೆ ಆಸರೆಯಾದದ್ದನ್ನು ಅವನು ಕಣ್ಣಾರೆ ನೋಡಲಿ. ಆಮೇಲೆ ಅವನಿಗೆ ಕನ್ನಡಾಭಿಮಾನದ ಭಾಷಣ ಬೇಕಾಗುವುದಿಲ್ಲ.

ಈ ಕೆಲಸಕ್ಕೂ ಶಿಸ್ತು ಬೇಕು. ಡಾಕ್ಟರು ಹೇಳಿದ್ದನ್ನೇ ಹೇಳಬೇಕು, ತನ್ನ ಮಾತು ಸೇರಿಸಬಾರದು. ಔಷಧದ ಸಲಹೆ ಕೊಡಬಾರದು. ಒಬ್ಬರ ರೋಗದ ಸುದ್ದಿ ಇನ್ನೊಬ್ಬರ ಕಿವಿಗೆ ಹೋಗಬಾರದು. ರೋಗಿಯ ಹಣವನ್ನು ಕೈಯಲ್ಲಿ ಮುಟ್ಟಬಾರದು, ಅವರ ಫೋಟೋ ತೆಗೆಯಬಾರದು. ಬರುತ್ತೇನೆಂದು ಹೇಳಿದ ದಿನ ತಪ್ಪಬಾರದು. ಯಾಕೆಂದರೆ ನಾವು ಬಾರದ ದಿನ ಅವರಿಗೆ ಬಾಯಿಯೇ ಇರುವುದಿಲ್ಲ.

"ಸೇವೆ ಹೊಟ್ಟೆ ತುಂಬಿದವರಿಗೆ, ನಮಗಲ್ಲ" ಎಂದು ಕೆಲವರು ಹೇಳುತ್ತಾರೆ. ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯ ಮಗ. ಓದಬೇಕೆಂಬ ಹಟದಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದವರು. 1936ರಲ್ಲಿ ಗಾಂಧೀಜಿ ಅವರ ಶಾಲೆಗೆ ಬಂದಾಗ, ಗಾಂಧೀಜಿಯವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಿದವರು ಈ ಹುಡುಗನೇ. 1942ರಲ್ಲಿ ಓದು ಬಿಟ್ಟು ಚಳವಳಿ ಸೇರಿ ಜೈಲಿಗೆ ಹೋದರು, ಹಿಂತಿರುಗಿ ಬಂದು ಓದು ಮುಗಿಸಿದರು, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಬಡತನ ಅವರನ್ನು ಸೇವೆಯಿಂದ ತಡೆಯಲಿಲ್ಲ, ಸೇವೆ ಅವರನ್ನು ವಿದ್ಯೆಯಿಂದ ತಡೆಯಲಿಲ್ಲ.

ನಮ್ಮ ಸಂಘದ ಬಾಗಿಲಲ್ಲೇ ಎಷ್ಟು ಕೆಲಸ ಬಿದ್ದಿದೆ, ನೋಡಿರಿ. 2021ರ ಆಗಸ್ಟಿನಲ್ಲಿ ಸರ್ಕಾರ ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಆರಂಭಿಸಿತು. ಅಡಿಗೆಮನೆಯಲ್ಲಿ ದುಡಿಯುವ ಎಷ್ಟೋ ಮಂದಿಗೆ ಇಂದಿಗೂ ಆ ಕಾರ್ಡಿಲ್ಲ. 1982ರ ಗಿರಣಿ ಮುಷ್ಕರ ಕಂಡ ನಮ್ಮ ಹಿರಿಯರಲ್ಲಿ ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣ ಕೊಡಬೇಕು. ನೂಲಿನಲ್ಲಿ, ಸೋಪಿನ ನೀರಿನಲ್ಲಿ ಬೆರಳಿನ ಗೆರೆ ಸವೆದವರ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣ ಕೊಡುವ ವ್ಯವಸ್ಥೆ 2021ರ ನವೆಂಬರಿನಿಂದ ಇದೆ. ಇದು ಗೊತ್ತಿಲ್ಲದೆ ಎಂಬತ್ತರ ಮುದುಕರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಕಾಲೇಜು ಹುಡುಗಿಗೆ ಅದು ಸ್ವಲ್ಪ ಹೊತ್ತಿನ ಕೆಲಸ. ಆ ಹೊತ್ತಿನಲ್ಲಿ ಅವಳು ತನ್ನ ಅಜ್ಜನ ಕಾಲದ ಗಿರಣಿಯ ಕಥೆಯನ್ನೂ ಕೇಳಿಕೊಳ್ಳಬಹುದು.

ತಂದೆತಾಯಿಗಳಿಗೆ ಒಂದು ವಿನಂತಿ. ಹಗಲು ಕಾಲೇಜು, ಸಂಜೆ ಹೋಟೆಲಿನ ಕೌಂಟರು ಎಂದು ಎರಡು ಹೊರೆ ಹೊತ್ತ ಮಕ್ಕಳನ್ನು ಸೇವೆಗೆಂದು ಯಾರೂ ಒತ್ತಾಯಿಸಬೇಡಿರಿ. ಅವರ ದುಡಿಮೆಯೇ ಮನೆಗೆ ಸೇವೆ. ಆದರೆ ಬಿಡುವಿದ್ದು ಮನಸ್ಸೂ ಇರುವ ಮಗಳನ್ನು, ಹೆಣ್ಣುಮಗಳೆಂದು ಬಾಗಿಲಲ್ಲಿ ತಡೆಯಬೇಡಿರಿ. ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳಿರಿ. ಸಾಧ್ಯವಾದರೆ ಒಮ್ಮೆ ಜೊತೆಗೇ ಹೋಗಿ ನೋಡಿ ಬನ್ನಿರಿ.

ವಿದ್ಯಾರ್ಥಿ ಮಿತ್ರರೇ, ಇಂದು ನಿಮ್ಮ ಕೈಗೆ ಬಂದ ಹಣ, ಈ ಸಭೆಯಲ್ಲಿ ಕುಳಿತವರ ಟಿಪ್ಸಿನ ನಾಣ್ಯಗಳಿಂದ, ಪಿಂಚಣಿಯ ಚೂರುಗಳಿಂದ ಕೂಡಿದ್ದು. ಅದನ್ನು ಹಿಂದಿರುಗಿಸಬೇಕೆಂದು ಸಂಘ ಕೇಳುವುದಿಲ್ಲ. ಆದರೆ ಸಂಘದ ಕಚೇರಿಯಲ್ಲಿ ಇಂದಿನಿಂದ ಒಂದು ಪುಸ್ತಕ ಇಟ್ಟಿದ್ದೇವೆ. ಫಾರಂ ತುಂಬಲು ಬರುವವರು ಒಂದು ಪುಟದಲ್ಲಿ, ಆಸ್ಪತ್ರೆಗೆ ಬರುವವರು ಇನ್ನೊಂದು ಪುಟದಲ್ಲಿ ಹೆಸರು ಬರೆಯಿರಿ. ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲಿರೆಂದು ನೀವೇ ಬರೆಯಿರಿ. ಎರಡೇ ಗಂಟೆಯಾದರೆ ಎರಡೇ ಸಾಕು, ಆದರೆ ಬರೆದ ಎರಡನ್ನು ತಪ್ಪಿಸಬೇಡಿರಿ.

ಹೆಚ್ಚು ಮಾತನಾಡಿ ನಿಮ್ಮ ಚಹಾ ಆರಿಸುವುದಿಲ್ಲ.