ಹೈಸ್ಕೂಲಿನ ಇಂಗ್ಲಿಷು ತರಗತಿಯಲ್ಲಿ ಕವಿತೆ ಮತ್ತು ಕಾದಂಬರಿ



ಹೈಸ್ಕೂಲು ಮುಗಿಸಿ ಕಾಲೇಜಿಗೆ ಬಂದ ವಿದ್ಯಾರ್ಥಿಯನ್ನು, "ನೀನು ಓದಿದ ಒಂದು ಇಂಗ್ಲಿಷು ಪದ್ಯದ ವಿಷಯವಾಗಿ ಏನಾದರೂ ಹೇಳಪ್ಪ" ಎಂದು ಕೇಳಿದರೆ, ಅವನು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೇಳುತ್ತಾನೆ: ಕವಿ ಹುಟ್ಟಿದ ವರ್ಷ, ಪದ್ಯದಲ್ಲಿರುವ ಅಲಂಕಾರಗಳ ಹೆಸರು, ಹತ್ತು ಸಾಲಿನ ಸಾರಾಂಶ. "ಅದು ಸರಿ, ಆ ಪದ್ಯ ನಿನಗೆ ಹಿಡಿಸಿತೆ? ಏಕೆ ಹಿಡಿಸಿತು?" ಎಂದರೆ ಸುಮ್ಮನಾಗುತ್ತಾನೆ. ಅವನು ದಡ್ಡನಲ್ಲ, ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಹಾಕಿರಲಿಲ್ಲ, ಅಷ್ಟೆ. ಕಾದಂಬರಿಯ ಮಾತಂತೂ ಇನ್ನೂ ಕಷ್ಟ. ಕಥಾಸಾರವನ್ನು ಒಪ್ಪಿಸುವವರು ಅನೇಕರು, ಪುಸ್ತಕವನ್ನು ಕೊನೆಮುಟ್ಟ ಓದಿದವರು ಕೆಲವರು. ಹಿಂದೆ ಪೇಟೆಯ ನೋಟ್ಸುಗಳು ಮಾಡುತ್ತಿದ್ದ ಈ ಉಪಕಾರವನ್ನು ಈಗ ಕಂಪ್ಯೂಟರು ಒಂದು ನಿಮಿಷದಲ್ಲಿ ಮಾಡಿಕೊಡುತ್ತದೆ.

ನಾವು ತಮ್ಮ ಮುಂದಿಡಬಯಸುವ ಅಭಿಪ್ರಾಯ ಇದು: ಕವಿತೆಯನ್ನು ವಿದ್ಯಾರ್ಥಿಯು ಮೊದಲು ಕಿವಿಯಿಂದ ಓದಬೇಕು, ಕಾದಂಬರಿಯನ್ನು ತನ್ನದೇ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಶೋಧಿಸಬೇಕು. ಎರಡರಲ್ಲಿಯೂ ತೀರ್ಪು ಅವನದಾಗಿರಬೇಕು. ಉಪಾಧ್ಯಾಯರು ದಾರಿಯನ್ನು ತೋರಬಹುದೇ ಹೊರತು ಅವನ ಪರವಾಗಿ ನಡೆಯಲಾಗದು.

ಮೊದಲು ಕವಿತೆಯನ್ನು ತೆಗೆದುಕೊಳ್ಳೋಣ. ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ನಮ್ಮ ದೇಶದಲ್ಲಿ ಎಷ್ಟೋ ತಲೆಮಾರಿನವರು ಪಠ್ಯಪುಸ್ತಕದಲ್ಲಿ ಓದಿದ್ದಾರೆ. ಆ ಹೂವನ್ನು ಕಣ್ಣಾರೆ ಕಂಡವರು ಅವರಲ್ಲಿ ಬಹಳ ವಿರಳ. ಆದಕಾರಣ ಉಪಾಧ್ಯಾಯರು ಹೂವಿನ ಚಿತ್ರವನ್ನು ಹಲಗೆಯ ಮೇಲೆ ಬರೆದು, ಕಷ್ಟಶಬ್ದಗಳಿಗೆ ಅರ್ಥ ಹೇಳಿ ಮುಂದೆ ಸಾಗುವುದುಂಟು. ಇದಕ್ಕಿಂತ ಮೇಲಾದ ಮಾರ್ಗವೊಂದಿದೆ. ಪದ್ಯವನ್ನು ಎರಡು ಸಾರಿ ಗಟ್ಟಿಯಾಗಿ, ನಿಧಾನವಾಗಿ ಓದಿ, ಅದರ ನಡಿಗೆ ಕಿವಿಯಲ್ಲಿ ನೆಲೆಸಿದ ಮೇಲೆ, "ಇಂಥ ನೋಟವನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?" ಎಂದು ಕೇಳುವುದು. ಮಳೆಗಾಲ ಹಿಂದಾಗುವ ಹೊತ್ತಿಗೆ ನಮ್ಮ ಹೊಲಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂತು ಗಾಳಿಗೆ ತೂಗುವುದನ್ನು ಕಂಡ ಹುಡುಗ ಹುಡುಗಿಯರು ಬೇಕಾದಷ್ಟು ಮಂದಿ ಇದ್ದಾರೆ. ಹುಚ್ಚೆಳ್ಳು ಡ್ಯಾಫೊಡಿಲ್ ಅಲ್ಲ, ನಿಜ. ಆದರೆ ಮನಸ್ಸು ಒಮ್ಮೆ ಅರಳಿದ ಬಗೆ ಒಂದೇ. ಇಂಗ್ಲಿಷು ತರಗತಿಯಲ್ಲಿ ಇಂಥ ಮಾತು ಕನ್ನಡದಲ್ಲಿಯೇ ನಡೆದರೂ ನಷ್ಟವಿಲ್ಲವೆಂದು ನಮ್ಮ ಭಾವನೆ.

ಇಷ್ಟಾದ ಮೇಲೆಯೇ ಪರಿಶೀಲನೆಗೆ ಸಮಯ. ಕವಿಯು ಆ ಹೂಗಳನ್ನು ಕಂಡದ್ದು 1802ನೆಯ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಎಂಬ ಸರೋವರದ ದಡದಲ್ಲಿ. ಪದ್ಯದಲ್ಲಿ ಅವನು ಒಂಟಿ. ವಾಸ್ತವದಲ್ಲಿ ತಂಗಿ ಡೊರೊಥಿ ಜೊತೆಯಲ್ಲಿದ್ದಳು, ಆ ದಿನದ ನೋಟವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಹಾಗಾದರೆ ಕವಿ ಸುಳ್ಳು ಹೇಳಿದನೆ? ಈ ಒಂದು ಪ್ರಶ್ನೆಯನ್ನು ತರಗತಿಯ ಮುಂದಿಟ್ಟರೆ ಸಾಕು, ದಿನಚರಿಯ ಸತ್ಯವೇನು, ಕವಿತೆಯ ಸತ್ಯವೇನು ಎಂಬ ವಿಚಾರವನ್ನು ಹದಿನೈದು ವರ್ಷದ ಮಕ್ಕಳೇ ಚರ್ಚಿಸತೊಡಗುತ್ತಾರೆ. ಪದ್ಯವು 1807ರಲ್ಲಿ ಅಚ್ಚಾದಾಗ ಹೂಗಳಿಗೆ ‘ನರ್ತಿಸುವ’ ಎಂಬರ್ಥದ ವಿಶೇಷಣವಿತ್ತು. 1815ರಲ್ಲಿ ಕವಿ ಅದನ್ನು ತೆಗೆದು ‘ಹೊನ್ನಿನ’ ಎಂಬರ್ಥದ ಶಬ್ದವನ್ನಿಟ್ಟನು, ಹೊಸದಾಗಿ ಒಂದು ಚರಣವನ್ನೂ ಸೇರಿಸಿದನು. ಏಕೆ ತಿದ್ದಿದನು? ನರ್ತನದ ಮಾತು ಎರಡೇ ಸಾಲು ಕೆಳಗೆ ಮತ್ತೆ ಬರುವುದನ್ನು ವಿದ್ಯಾರ್ಥಿಯು ತಾನೇ ಗುರುತಿಸಿದರೆ, ಆ ದಿನದ ಪಾಠ ಸಾರ್ಥಕ.

ದೊಡ್ಡ ಹೆಸರು ಕಣ್ಣಿನ ಮುಂದಿದ್ದಾಗ ನಮ್ಮ ಬುದ್ಧಿ ಬೇಗ ತಲೆಬಾಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಐ. ಎ. ರಿಚರ್ಡ್ಸ್ ಎಂಬ ವಿದ್ವಾಂಸರು ಕೆಲವು ಪದ್ಯಗಳನ್ನು ಕವಿಯ ಹೆಸರಿಲ್ಲದೆ, ಕಾಲವನ್ನೂ ಹೇಳದೆ, ವಿದ್ಯಾರ್ಥಿಗಳಿಗೆ ಕೊಟ್ಟು ಅಭಿಪ್ರಾಯಗಳನ್ನು ಬರೆಸಿದರು; ಅವನ್ನು ವಿಮರ್ಶಿಸಿ 1929ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಚೆನ್ನಾಗಿ ಓದಿಕೊಂಡವರೂ ಪದ್ಯದ ನೇರವಾದ ಅರ್ಥದಲ್ಲಿಯೇ ಎಡವಿದ್ದುದು, ಹೆಸರುವಾಸಿಯಾದ ಕವಿಯ ರಚನೆಯನ್ನು ತೆಗಳಿ ಸಾಧಾರಣವಾದುದನ್ನು ಹೊಗಳಿದ್ದುದು ಅದರಲ್ಲಿ ಕಾಣಬರುತ್ತದೆ. ನಮ್ಮ ಹೈಸ್ಕೂಲುಗಳಲ್ಲಿಯೂ ತಿಂಗಳಿಗೊಂದು ಗಂಟೆ ಇಂಥ ಪ್ರಯೋಗ ನಡೆಯಬಹುದು. ತಪ್ಪು ಅಭಿಪ್ರಾಯವೇ ಬರಲಿ. ಅದು ಹುಡುಗನ ಸ್ವಂತದ್ದಾದರೆ ತಿದ್ದಬಹುದು. ಎರವಲು ತಂದ ಅಭಿಪ್ರಾಯ ಸರಿಯಾಗಿದ್ದರೂ ಅವನನ್ನು ಬೆಳೆಸದು.

ಇನ್ನು ಕಾದಂಬರಿ. ಇಲ್ಲಿ ಸಂಶೋಧನೆಯೆಂಬ ಶಬ್ದವನ್ನು ಕೇಳಿ ಯಾರೂ ಬೆಚ್ಚಬೇಕಾದುದಿಲ್ಲ. ಪುಸ್ತಕದಲ್ಲಿ ಅರ್ಥವಾಗದ ಒಂದು ಸಂಗತಿಯನ್ನು ಹಿಡಿದು ಲೈಬ್ರರಿಗೆ ಹೋಗಿ ಉತ್ತರವನ್ನು ಹುಡುಕುವುದೇ ಸಂಶೋಧನೆ. ಉದಾಹರಣೆಗೆ, ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಕಾದಂಬರಿ. 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಅದು ವಾರವಾರವೂ ಪತ್ರಿಕೆಯಲ್ಲಿ ಬಂದಿತು. ಆಸ್ಟ್ರೇಲಿಯಕ್ಕೆ ಗಡೀಪಾರಾದ ಮ್ಯಾಗ್ವಿಚ್ ಎಂಬ ಕೈದಿ ಕದ್ದು ಲಂಡನ್ನಿಗೆ ಮರಳುತ್ತಾನೆ. ಸಿಕ್ಕಿಬಿದ್ದರೆ ಅವನಿಗೆ ಮರಣದಂಡನೆ. ಊರಿಗೆ ಹಿಂದಿರುಗಿದ್ದಕ್ಕೆ ಪ್ರಾಣವನ್ನೇ ತೆಗೆಯುವರೆ ಎಂದು ವಿದ್ಯಾರ್ಥಿಗೆ ಆಶ್ಚರ್ಯವಾಗುವುದು ಸಹಜ. ಅವನು ಚರಿತ್ರೆಯ ಪುಸ್ತಕವನ್ನು ತೆರೆಯಲಿ. ಆ ಶಿಕ್ಷೆಯನ್ನು 1834ರಲ್ಲಿಯೇ ರದ್ದುಮಾಡಿದ್ದರೆಂದು ತಿಳಿಯುತ್ತದೆ. ಅಂದಮೇಲೆ ಕಥೆ ನಡೆಯುವುದು ಅದು ಅಚ್ಚಾದ ಕಾಲದಲ್ಲಲ್ಲ, ಅದಕ್ಕೂ ಹಿಂದೆ, 1812ರಲ್ಲಿ ಹುಟ್ಟಿದ ಡಿಕನ್ಸನ ಎಳೆಯ ದಿನಗಳ ಇಂಗ್ಲೆಂಡಿನಲ್ಲಿ. ಹೀಗೆ ಒಂದು ಸಂದೇಹದಿಂದ ಹೊರಟವನು ಕಾನೂನು, ಚರಿತ್ರೆ, ಭೂಗೋಳಗಳನ್ನೆಲ್ಲ ಸುತ್ತಿ ಮತ್ತೆ ಕಥೆಗೆ ಬರುತ್ತಾನೆ. ಬಂದಾಗ ಕಥೆ ಮೊದಲಿಗಿಂತ ಆಳವಾಗಿ ಕಾಣುತ್ತದೆ.

ಅದೇ ಪುಸ್ತಕದಲ್ಲಿ ಮತ್ತೊಂದು ಶೋಧಕ್ಕೂ ಎಡೆಯಿದೆ. ಡಿಕನ್ಸನು ಮೊದಲು ಬರೆದ ಮುಕ್ತಾಯದಲ್ಲಿ ಪಿಪ್ ಮತ್ತು ಎಸ್ಟೆಲ್ಲ ಲಂಡನ್ನಿನ ಬೀದಿಯಲ್ಲಿ ಅರೆಗಳಿಗೆ ಸಂಧಿಸಿ ಅಗಲುತ್ತಾರೆ. ಬುಲ್ವರ್ ಲಿಟನ್ ಎಂಬ ಕಾದಂಬರಿಕಾರ ಮಿತ್ರನ ಸಲಹೆಯಂತೆ ಅವನು ಅದನ್ನು ಬದಲಿಸಿ, ಇಬ್ಬರೂ ಒಂದಾಗುವ ಆಸೆಯನ್ನು ಉಳಿಸುವ ಮುಕ್ತಾಯವನ್ನು ಅಚ್ಚುಮಾಡಿಸಿದನು. ಮೊದಲಿನದು ಲೋಕಕ್ಕೆ ತಿಳಿದದ್ದು 1874ರಲ್ಲಿ, ಫಾರ್ಸ್ಟರ್ ಬರೆದ ಡಿಕನ್ಸನ ಜೀವನಚರಿತ್ರೆಯಿಂದ. ಎರಡನ್ನೂ ತರಗತಿಯಲ್ಲಿ ಓದಿಸಿ, ಯಾವುದು ಕಥೆಗೆ ಒಪ್ಪುತ್ತದೆ, ಕಾರಣವನ್ನು ಪುಸ್ತಕದಿಂದಲೇ ತೋರಿಸಿ ಎಂದರೆ, ಯಾವ ನೋಟ್ಸಿನ ಉತ್ತರವೂ ಸಾಲದು. ವಿದ್ಯಾರ್ಥಿಯು ಕಾದಂಬರಿಯನ್ನು ಪೂರ್ತಿ ಓದಿಯೇ ತೀರಬೇಕು.

ಇದಕ್ಕೆಲ್ಲ ವೇಳೆಯೆಲ್ಲಿ, ತರಗತಿ ತುಂಬ ಮಕ್ಕಳು, ಮುಂದೆ ಪರೀಕ್ಷೆ ಎಂದು ಉಪಾಧ್ಯಾಯರು ಹೇಳುವುದರಲ್ಲಿ ನ್ಯಾಯವಿದೆ. ಎಲ್ಲ ಪಾಠಗಳನ್ನೂ ಹೀಗೆ ಮಾಡಲಾಗದು. ವರ್ಷಕ್ಕೆ ನಾಲ್ಕು ಪದ್ಯ, ಒಂದು ಕಾದಂಬರಿ, ಇಷ್ಟಾದರೂ ಈ ಬಗೆಯಲ್ಲಿ ನಡೆದರೆ ಉಳಿದುದನ್ನು ವಿದ್ಯಾರ್ಥಿಯೇ ಸಾಧಿಸಿಕೊಂಡಾನು. ಇಂಗ್ಲಿಷು ಪಾಠ ಎಷ್ಟು ದೂರ ಫಲ ಕೊಡಬಲ್ಲದೆಂಬುದಕ್ಕೆ ನಿದರ್ಶನ ನಮ್ಮಲ್ಲಿಯೇ ಇದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷು ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ತಾವು ಮೆಚ್ಚಿದ ಪದ್ಯಗಳನ್ನು ಕನ್ನಡಿಸಿ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನವನ್ನು ತಂದರು; ಹೊಸಗನ್ನಡ ಕವಿತೆಗೆ ಅದರಿಂದ ಹೊಸ ಛಂದಸ್ಸುಗಳ ದಾರಿ ತೆರೆಯಿತು. ಬಾಯಿಪಾಠದ ಸಾರಾಂಶದಿಂದ ಅಂಥದು ಹುಟ್ಟಲಾರದು. ಪದ್ಯವನ್ನು ಕಿವಿಗೊಟ್ಟು ಕೇಳಿ ತಮ್ಮದಾಗಿಸಿಕೊಂಡವರಿಗೆ ಮಾತ್ರ ಸಾಧ್ಯ.

ಇದು ಇಂಗ್ಲಿಷಿನ ಅಂಕಗಳ ಮಾತು ಮಾತ್ರವಲ್ಲ. ಒಂದು ಪದ್ಯದ ವಿಷಯದಲ್ಲಿ ಪರರ ತೀರ್ಪನ್ನು ಕಣ್ಣುಮುಚ್ಚಿ ಒಪ್ಪಿಸುವುದನ್ನು ಕಲಿತ ಹುಡುಗ, ನಾಳೆ ವೃತ್ತಪತ್ರಿಕೆಯ ತೀರ್ಪನ್ನೂ ಚುನಾವಣೆಯ ಭಾಷಣವನ್ನೂ ಹಾಗೆಯೇ ಒಪ್ಪುವ ಪ್ರಜೆಯಾಗುತ್ತಾನೆ. ಪುಸ್ತಕವನ್ನು ಪ್ರಶ್ನಿಸಿ ಸಾಕ್ಷ್ಯ ಕೇಳುವ ಅಭ್ಯಾಸ ಬಿದ್ದವನು ಲೋಕವನ್ನೂ ಹಾಗೆ ಕೇಳಬಲ್ಲನು.

ತಾಯಿತಂದೆಗಳಲ್ಲಿಯೂ ನಮ್ಮದೊಂದು ಬಿನ್ನಹ. ಮಗ ಅಥವಾ ಮಗಳು ಶಾಲೆಯಿಂದ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವುದರ ಜೊತೆಗೆ, ಇಂದು ಓದಿದ ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಓದು, ಕೇಳೋಣ ಎನ್ನಿ. ಇಂಗ್ಲಿಷು ಬಾರದ ಅಜ್ಜಿಯೂ ಕುಳಿತು ಕೇಳಲಿ. ಅದರ ಅರ್ಥವನ್ನು ಮೊಮ್ಮಗುವೇ ಅವರಿಗೆ ಕನ್ನಡದಲ್ಲಿ ಹೇಳಲಿ.